ಫ್ಲೋರಿನ್ ಹಿಡಿದ ಮೊಯ್ಸಾನ್

ಮಕ್ಕಳೇ, ಬಹುತೇಕ ಎಲ್ಲ ವಸ್ತುಗಳನ್ನೂ ತಿನ್ನುವ ಅನಿಲವನ್ನು ಯಾವ ಪಾತ್ರೆಯಲ್ಲಿ ಹಿಡಿಯುವುದು? ಫ್ಲೋರಿನ್ ಅಂಥ ಅನಿಲ. ಅದನ್ನು ಬೇರ್ಪಡಿಸಲು ಹೊರಟ ಬೆಲ್ಜಿಯಂನ ಲೂಯೆ, ಫ್ರಾನ್ಸಿನ ನಿಕ್ಲೆಸ್ ವಿಷಕ್ಕೆ ಬಲಿಯಾದರು.

ಹೆನ್ರಿ ಮೊಯ್ಸಾನ್ 1852ರಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದರು. ಬಡತನದಿಂದ ಶಾಲೆ ಅರ್ಧಕ್ಕೇ ನಿಂತಿತು. ಔಷಧದಂಗಡಿಯಲ್ಲಿ ಕೆಲಸ ಕಲಿಯುತ್ತಲೇ ಮುಂದೆ ಓದಿ ರಸಾಯನ ವಿಜ್ಞಾನಿಯಾದರು.

ಹೈಡ್ರೋಜನ್ ಫ್ಲೋರೈಡ್‌ನಲ್ಲಿ ನೀರಿದ್ದರೆ ಫ್ಲೋರಿನ್ ಸಿಗದು; ನೀರು ತೆಗೆದರೆ ಅದರಲ್ಲಿ ವಿದ್ಯುತ್ ಹರಿಯದು. ಮೊಯ್ಸಾನ್ ಒಣ ದ್ರವದಲ್ಲೇ ಪೊಟ್ಯಾಸಿಯಂ ಲವಣವೊಂದನ್ನು ಕರಗಿಸಿದರು. ಪ್ಲಾಟಿನಂ-ಇರಿಡಿಯಂ ನಳಿಕೆಯಲ್ಲಿ ಅದನ್ನು ಚೆನ್ನಾಗಿ ತಂಪಾಗಿಸಿ ವಿದ್ಯುತ್ ಹಾಯಿಸಿದರು. ವಿಷಾನಿಲದಿಂದ ಅಸ್ವಸ್ಥರಾದರೂ ಛಲ ಬಿಡಲಿಲ್ಲ. 1886ರ ಜೂನ್ 26ರಂದು ಫ್ಲೋರಿನ್ ಹೊರಬಂತು! ಅದು ತಗುಲಿದ ಸಿಲಿಕಾನ್ ಹೊತ್ತಿ ಉರಿಯಿತು. 1906ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಮರುವರ್ಷವೇ ತೀರಿಕೊಂಡರು.

ಒಂದು ಯುರೇನಿಯಂ ಪರಮಾಣುವಿಗೆ ಆರು ಫ್ಲೋರಿನ್ ಪರಮಾಣುಗಳು ಸೇರಿದರೆ ಯುರೇನಿಯಂ ಹೆಕ್ಸಾಫ್ಲೋರೈಡ್. ಸುಮಾರು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಘನವಸ್ತು ಕರಗದೆ ನೇರವಾಗಿ ಅನಿಲವಾಗುತ್ತದೆ. ಅದನ್ನು ಅತಿ ವೇಗದಲ್ಲಿ ತಿರುಗುವ ಕೊಳವೆಗಳಿಗೆ ಹಾಯಿಸಿದರೆ, ಇಂಧನಕ್ಕೆ ಬೇಕಾದ ಹಗುರ ಯುರೇನಿಯಂನ ಪ್ರಮಾಣ ಹೆಚ್ಚಿಸಬಹುದು. ಮೈಸೂರಿನ ಬಳಿಯ ರತ್ನಹಳ್ಳಿಯಲ್ಲಿ ಇಂಥ ಸ್ಥಾವರವಿದೆ.

ನಮ್ಮ ಪುಂಜಾಲಕಟ್ಟೆಯ ಮಳೆಗಾಲದಂಥ ತೇವದ ಗಾಳಿ ಸೋಕಿದರೂ ಸಾಕು, ಆ ವಸ್ತುವಿನಿಂದ ಗಾಜನ್ನೂ ಕೊರೆಯುವ ಆಮ್ಲ ಹುಟ್ಟುತ್ತದೆ. ಆದ್ದರಿಂದ ಅಲ್ಲಿಯೂ ಮೊಯ್ಸಾನ್ ಪಾಲಿಸಿದ ನಿಯಮವೇ ಮೊದಲನೆಯದು: ಒಳಗೆ ನೀರಿನಂಶ ಸೇರಬಾರದು.