ಪಾದೂರು ಗುರುರಾಜ ಭಟ್ಟರು

ಬಂಟ್ವಾಳದ ಬಳಿ ನೇತ್ರಾವತಿಯ ದಂಡೆಯಲ್ಲಿ ನಂದಾವರವೆಂಬ ಊರಿದೆ. ಬೆಳ್ತಂಗಡಿಯ ಕಡೆಗೆ ಸಾಗಿದರೆ ಬಂಗಾಡಿ, ವೇಣೂರು. ವೇಣೂರಿನಿಂದ ಪಶ್ಚಿಮಕ್ಕೆ ತಿರುಗಿದರೆ ಮೂಡುಬಿದಿರೆ. ಈ ಕಿರಿದಾದ ಸೀಮೆಯೊಳಗೆ ಒಂದು ಕಾಲದಲ್ಲಿ ಹಲವು ಅರಸು ಮನೆತನಗಳು ಆಳುತ್ತಿದ್ದವು. ಬಂಗಾಡಿ, ನಂದಾವರಗಳಲ್ಲಿ ಬಂಗರು, ವೇಣೂರಿನಲ್ಲಿ ಅಜಿಲರು, ಪುತ್ತಿಗೆ, ಮೂಡುಬಿದಿರೆಗಳಲ್ಲಿ ಚೌಟರು, ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು. ಇವರ ವೃತ್ತಾಂತವು ಬಹುಕಾಲ ಪಾಡ್ದನಗಳಲ್ಲಿಯೂ ಬೀಡಿನ ಹಿರಿಯರ ನೆನಪಿನಲ್ಲಿಯೂ ಮಾತ್ರ ಉಳಿದಿತ್ತು. ಅದನ್ನು ಕಲ್ಲಿನ ಮೇಲಣ ಬರಹದೊಡನೆ ಹೋಲಿಸಿ ನೋಡಿ, ತುಳುನಾಡಿಗೆ ನಂಬತಕ್ಕ ಇತಿಹಾಸವನ್ನು ಕಟ್ಟಿಕೊಡಲು ಶ್ರಮಿಸಿದವರಲ್ಲಿ ಪಾದೂರು ಗುರುರಾಜ ಭಟ್ಟರು ಪ್ರಮುಖರು.

ಭಟ್ಟರು 1924ರಲ್ಲಿ ಜನಿಸಿದರು. ಉಡುಪಿಯ ಸಮೀಪದ ಪಾದೂರು ಅವರ ಹೆಸರಿನೊಡನೆ ಸೇರಿಕೊಂಡಿತು. ಅಧ್ಯಾಪನ ಅವರ ವೃತ್ತಿ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿಯೂ ಸೇವೆ ಸಲ್ಲಿಸಿದರು. ಕಾಲೇಜಿನ ಹೊಣೆಯನ್ನು ಹೊತ್ತವರಿಗೆ ಸಂಶೋಧನೆಗೆ ಬಿಡುವು ದೊರೆಯುವುದು ಕಷ್ಟ. ಆದರೂ ಅವರು ಅಂದಿನ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ದೇವಾಲಯ, ಬಸದಿ, ಹಾಳುಬಿದ್ದ ಕೋಟೆ ಕೊತ್ತಲಗಳನ್ನು ಸ್ವತಃ ಕಂಡು ಬರೆದರು.

ಅವರಿಗಿಂತ ಮೊದಲು ಈ ದಾರಿಯಲ್ಲಿ ನಡೆದವರು ಇಲ್ಲದಿರಲಿಲ್ಲ. ಗಣಪತಿ ರಾವ್ ಐಗಳರು 1923ರಲ್ಲಿ ಜಿಲ್ಲೆಯ ಪ್ರಾಚೀನ ಇತಿಹಾಸವನ್ನು ಕನ್ನಡದಲ್ಲಿ ಪ್ರಕಟಿಸಿದ್ದರು. ಭಾಸ್ಕರ ಆನಂದ ಸಾಲೆತೂರರು 1936ರಲ್ಲಿ ತುಳುವದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಅಷ್ಟಾದರೂ ಐತಿಹ್ಯವೆಷ್ಟು, ಇತಿಹಾಸವೆಷ್ಟು ಎಂಬ ಪ್ರಶ್ನೆ ಮುಗಿದಿರಲಿಲ್ಲ.

ಆ ಪ್ರಶ್ನೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ವೇಣೂರೇ ಸಾಕ್ಷಿ. ಅಲ್ಲಿಯ ಗೊಮ್ಮಟ ಮೂರ್ತಿಯನ್ನು ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದನು. ಕಾರ್ಕಳದ ಭೈರರಸನು ಇದನ್ನು ಸಹಿಸದೆ ದಂಡೆತ್ತಿ ಬಂದನೆಂದೂ, ಅಜಿಲನು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತು ಕಾಪಾಡಿದನೆಂದೂ ಜನ ಹೇಳುತ್ತಾರೆ. ಕಥೆ ಸೊಗಸಾಗಿದೆ. ಆದರೆ ಮೂರ್ತಿಯ ಪಕ್ಕದ ಶಾಸನದಲ್ಲಿ ಕಾಣುವುದು ಪ್ರತಿಷ್ಠೆಯ ಕಾಲ, ಗುರು ಚಾರುಕೀರ್ತಿಗಳ ಪ್ರೇರಣೆ, ಅರಸನ ವಂಶ ಇವೇ ಮೊದಲಾದವು. ತಿಮ್ಮರಾಜನನ್ನು ಅದು ರಾಯಕುವರನ ಅಳಿಯನೆಂದೂ ಪಾಂಡ್ಯಕದೇವಿಯ ಮಗನೆಂದೂ ಕರೆಯುತ್ತದೆ. ಪಟ್ಟವು ತಂದೆಯಿಂದ ಮಗನಿಗಲ್ಲ, ಸೋದರಮಾವನಿಂದ ಅಳಿಯನಿಗೆ ಬರುವ ಪದ್ಧತಿಯಿದ್ದ ನಾಡಿನಲ್ಲಿ ಆ ಎರಡು ಸಂಬಂಧಗಳು ಅರಸನ ಹಕ್ಕನ್ನೇ ಸೂಚಿಸುತ್ತವೆ. ಯುದ್ಧದ ಕಥೆಗಿಂತ ಈ ಒಂದು ಸಾಲು ಇತಿಹಾಸಕಾರನಿಗೆ ಹೆಚ್ಚು ಬೆಲೆಯುಳ್ಳದ್ದು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ ಇಂತಹುದೇ ಪಾಠವನ್ನು ಕಲಿಸುತ್ತದೆ. 1430ರ ಸುಮಾರಿಗೆ ಸಿದ್ಧವಾದ ಆ ಬಸದಿಯ ಶಾಸನವು ವಿಜಯನಗರದ ದೇವರಾಯನನ್ನು ಸ್ಮರಿಸುತ್ತದೆ. ಮುಂದಿನ ಭೈರಾದೇವಿ ಮಂಟಪವು 1451ರಲ್ಲಿ, ಮಲ್ಲಿಕಾರ್ಜುನನ ಕಾಲಕ್ಕೆ ಕಟ್ಟಲ್ಪಟ್ಟಿತು. ಊರ ಅರಸರ ಮೇಲೆ ಮಂಗಳೂರು, ಬಾರಕೂರುಗಳ ರಾಜ್ಯಪಾಲರು, ಅವರ ಮೇಲೆ ಹಂಪೆಯ ಸಮ್ರಾಟರು ಎಂಬ ಅಧಿಕಾರದ ಏಣಿಯು ಈ ಕಲ್ಲುಗಳಿಂದಲೇ ತಿಳಿಯುತ್ತದೆ. ಮಂಟಪವೆದ್ದು ನಾಲ್ಕೇ ವರ್ಷಗಳಲ್ಲಿ, 1455ರಲ್ಲಿ, ಇಂಗ್ಲೆಂಡಿನ ಲಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳು ಸಿಂಹಾಸನಕ್ಕಾಗಿ ಯುದ್ಧಕ್ಕಿಳಿದವು. ಹೆಣ್ಣಿನ ಮೂಲಕ ಬಂದ ಹಕ್ಕು ಸಲ್ಲುತ್ತದೆಯೇ ಎಂಬುದು ಆ ಕಲಹದ ತೊಡಕುಗಳಲ್ಲೊಂದು. ಅದೇ ಹಕ್ಕು ತುಳುನಾಡಿನ ಬೀಡುಗಳಲ್ಲಿ ಸಹಜವಾಗಿತ್ತೆಂಬುದನ್ನು ನೆನೆದರೆ ಸೋಜಿಗವೆನಿಸುತ್ತದೆ. ಆದರೆ ಇಂಗ್ಲೆಂಡಿನ ಇತಿಹಾಸಕಾರನಿಗೆ ಅರಮನೆಯ ಕಡತಗಳು ಸುರುಳಿ ಸುರುಳಿಯಾಗಿ ಉಳಿದಿವೆ. ಕರಾವಳಿಯ ಮಳೆಯಲ್ಲಿ ತಾಳೆಗರಿ ಬಹುಕಾಲ ಬಾಳುವುದಿಲ್ಲ. ಇಲ್ಲಿಯವನು ಕಲ್ಲನ್ನೇ ನೆಚ್ಚಬೇಕು.

ಕಲ್ಲಾದರೂ ಎಲ್ಲ ಕಡೆಯೂ ಮಾತನಾಡುವುದಿಲ್ಲ. ಶಾಸನವಿಲ್ಲದ ಗುಡಿಗಳೇ ಹೆಚ್ಚು. ಅಂತಹ ಕಡೆ ಭಟ್ಟರು ವಿಗ್ರಹಗಳತ್ತ ತಿರುಗಿದರು. ಕಿರೀಟದ ಎತ್ತರ, ಪ್ರಭಾವಳಿಯ ಕೆತ್ತನೆ, ವಿಷ್ಣುವಿನ ಕೈಯಲ್ಲಿ ಚಕ್ರ ನಿಂತ ರೀತಿ ಇವು ಶತಮಾನದಿಂದ ಶತಮಾನಕ್ಕೆ ಬದಲಾಗುತ್ತವೆ. ಕದ್ರಿಯ ಲೋಕೇಶ್ವರ ವಿಗ್ರಹದಂತೆ 968 ಎಂದು ಖಚಿತವಾದ ಕಾಲವುಳ್ಳ ಶಿಲ್ಪವನ್ನು ಅಳತೆಗೋಲಾಗಿ ಇಟ್ಟುಕೊಂಡು, ಕಾಲ ತಿಳಿಯದ ಮೂರ್ತಿಗಳನ್ನು ತೂಗಿ ನೋಡಬಹುದು. ಇದು ತಾಳ್ಮೆಯ ಕೆಲಸ. ಅವಸರದ ಕೆಲಸವೂ ಹೌದು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗರ್ಭಗುಡಿ ಬಿಚ್ಚಿಹೋದರೆ, ಭಿನ್ನವಾದ ವಿಗ್ರಹವು ನೀರಿನ ಪಾಲಾದರೆ, ಆ ಊರಿನ ಇತಿಹಾಸದ ಒಂದು ಪುಟವೇ ಹರಿದಂತೆ. ಭಟ್ಟರು ಕಂಡುದನ್ನು ಛಾಯಾಚಿತ್ರಗಳೊಡನೆ ದಾಖಲಿಸಿದರು. ಬರಿಯ ವಿವರಣೆಗಿಂತ ಈ ಚಿತ್ರಗಳ ಉಪಕಾರವೇ ದೊಡ್ಡದು.

1963ರಲ್ಲಿ ಅವರ ‘ತುಳುನಾಡು’ ಕನ್ನಡದಲ್ಲಿ ಪ್ರಕಟವಾಯಿತು. ಜಿಲ್ಲೆಯ ಪ್ರಾಚೀನಾವಶೇಷಗಳನ್ನು ಕುರಿತ ಇಂಗ್ಲಿಷ್ ಕೃತಿ 1969ರಲ್ಲಿ ಬಂದಿತು. ತುಳುವ ಇತಿಹಾಸ ಮತ್ತು ಸಂಸ್ಕೃತಿಯನ್ನು ಕುರಿತ ಇಂಗ್ಲಿಷ್ ಮಹಾಗ್ರಂಥವು 1975ರಲ್ಲಿ ಬೆಳಕು ಕಂಡಿತು. ಇತಿಹಾಸಪೂರ್ವ ಕಾಲದಿಂದ ತೊಡಗಿ ಆಧುನಿಕ ಕಾಲದವರೆಗಿನ ರಾಜಕೀಯ, ಧರ್ಮ, ಶಿಲ್ಪಗಳನ್ನು ಅದು ಒಂದೆಡೆ ತಂದಿತು. ಇದಾಗಿ ಮೂರು ವರ್ಷಗಳಲ್ಲಿ, 1978ರಲ್ಲಿ, ಇನ್ನೂ ಅರುವತ್ತು ತುಂಬುವ ಮೊದಲೇ ಅವರು ತೀರಿಕೊಂಡರು.