ಸೆಕೆಯಲ್ಲಿ ಹುಟ್ಟಿದ ಹಿಮದ ಸಂಗೀತ

ಡಿಸೆಂಬರ್ ಬಂತೆಂದರೆ ಅಮೆರಿಕದ ಊರೂರಿನ ಹವ್ಯಾಸಿ ಬ್ಯಾಂಡುಗಳು ಕ್ರಿಸ್‌ಮಸ್ ಕಛೇರಿಗೆ ಸಜ್ಜಾಗುತ್ತವೆ. ಅಲ್ಲಿ ‘ಸ್ಲೇ ರೈಡ್’ ಕೇಳಿಸದಿರುವುದು ಅಪರೂಪ. ಅದನ್ನು ರಚಿಸಿದ ಲೆರಾಯ್ ಆಂಡರ್ಸನ್ ಬದುಕು, ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುತ್ತಿರುವ ನನ್ನನ್ನು ಹಿಡಿದು ನಿಲ್ಲಿಸಿತು.

ಹುಟ್ಟಿದ್ದು 1908ರಲ್ಲಿ, ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ. ಹೆತ್ತವರು ಸ್ವೀಡನ್‌ನಿಂದ ಬಂದವರು; ತಂದೆ ಅಂಚೆ ನೌಕರ, ತಾಯಿ ಚರ್ಚ್‌ನಲ್ಲಿ ಆರ್ಗನ್ ನುಡಿಸುತ್ತಿದ್ದರು. ಹಾರ್ವರ್ಡ್‌ನಲ್ಲಿ ಸಂಗೀತದ ಎಂ.ಎ. ಮುಗಿಸಿದ ಆಂಡರ್ಸನ್, ಭಾಷಾ ಅಧ್ಯಾಪಕರಾಗುವ ಯೋಚನೆಯಿಂದ ಜರ್ಮನ್, ಸ್ಕ್ಯಾಂಡಿನೇವಿಯನ್ ಭಾಷೆಗಳ ಪಿಎಚ್.ಡಿ.ಗೆ ಓದತೊಡಗಿದರು. (ಬಿ.ಇ. ಓದುತ್ತಲೇ ಬ್ಯಾಂಕ್ ಪರೀಕ್ಷೆಗೂ ಕೂರುವ ನಮ್ಮವರಿಗೆ ಇದು ಹೊಸತೇನಲ್ಲ!) ಜತೆಗೆ ಹಾರ್ವರ್ಡ್ ಬ್ಯಾಂಡನ್ನೂ ನಡೆಸಿದರು. ಅದಕ್ಕಾಗಿ ಹೊಂದಿಸಿಕೊಟ್ಟ ಹಾಡುಗಳೇ ಬಾಸ್ಟನ್ ಪಾಪ್ಸ್ ವಾದ್ಯವೃಂದದ ಆರ್ಥರ್ ಫೀಡ್ಲರ್ ಕಿವಿಗೆ ಬಿದ್ದವು.

ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಬೇಕಾದದ್ದು ಅವರ ಭಾಷೆಗಳು. ಐಸ್‌ಲ್ಯಾಂಡ್‌ನಲ್ಲಿ ಅನುವಾದಕ, ಪೆಂಟಗನ್‌ನಲ್ಲಿ ಸ್ಕ್ಯಾಂಡಿನೇವಿಯಾ ವಿಭಾಗದ ಮುಖ್ಯಸ್ಥ. ನಮ್ಮ ಮನೆಯಲ್ಲಾಗಿದ್ದರೆ ಅಂಥ ಹುದ್ದೆ ಬಿಡಲು ಬಿಡುತ್ತಿರಲಿಲ್ಲ. ಆಂಡರ್ಸನ್ ಸಂಗೀತಕ್ಕೆ ಮರಳಿದರು.

1946ರ ಜುಲೈ. ಕನೆಕ್ಟಿಕಟ್‌ನ ವುಡ್‌ಬರಿಯಲ್ಲಿ ಸುಡುಬಿಸಿಲು, ನೀರಿಗೆ ಬರ. ಹಳೆಯ ನೀರಿನ ಕೊಳವೆ ಹುಡುಕುತ್ತ ನೆಲ ಅಗೆಯುತ್ತಿದ್ದ ಆ ದಿನಗಳಲ್ಲೇ, ಹಿಮದ ಮೇಲೆ ಜಾರುವ ಕುದುರೆಗಾಡಿಯ ಸಂಗೀತ ಹೊಳೆಯಿತು! ಮುಗಿದದ್ದು 1948ರಲ್ಲಿ, ಬಾಸ್ಟನ್ ಪಾಪ್ಸ್ ಮೊದಲು ನುಡಿಸಿದ್ದೂ ಮೇ ತಿಂಗಳಲ್ಲಿ. ಸಾಹಿತ್ಯ ಸೇರಿದ್ದು ಆಮೇಲೆ. ಕೇಳಿ ನೋಡಿ: ಗೊರಸಿನ ಸಪ್ಪಳಕ್ಕೆ ಮರದ ತಾಳವಾದ್ಯ, ಚಾಟಿಯೇಟಿಗೆ ಎರಡು ಹಲಗೆ, ಕೊನೆಯಲ್ಲಿ ಟ್ರಂಪೆಟ್ ಥೇಟ್ ಕುದುರೆಯಂತೆ ಕೆನೆಯುತ್ತದೆ.

1975ರ ಮೇ ತಿಂಗಳಲ್ಲಿ, ಅದೇ ವುಡ್‌ಬರಿಯಲ್ಲಿ ಆಂಡರ್ಸನ್ ತೀರಿಕೊಂಡರು.