ಗಾಜಿನ ಭಾರ ಇಳಿಸಿದ ಬ್ಯಾಂಕ್ ಗುಮಾಸ್ತ

ಹಳೆಯ ಫಿಲಂ ಕ್ಯಾಮೆರಾ ಸಂಗ್ರಹಿಸುವವರಲ್ಲಿ ಎರಡು ಬಗೆ. ದುಬಾರಿ ಕ್ಯಾಮೆರಾಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರು ಒಂದು ಬಗೆ. ಕೆಟ್ಟುಹೋದ ಕ್ಯಾಮೆರಾ ತಂದು ಬಿಚ್ಚಿ, ಒರೆಸಿ, ಮತ್ತೆ ಫೋಟೊ ತೆಗೆಯುವಂತೆ ಮಾಡುವವರು ಇನ್ನೊಂದು ಬಗೆ. ಈ ಎರಡನೆಯವರ ಮೇಜಿನ ಮೇಲೆ ಒಂದಲ್ಲ ಒಂದು ದಿನ ಕೊಡಕ್ ಕಂಪನಿಯ ಬ್ರೌನಿ ಎಂಬ ಕಪ್ಪು ಡಬ್ಬಿ ಬಂದೇ ಬರುತ್ತದೆ. ಆ ಕಂಪನಿಯನ್ನು ಕಟ್ಟಿದ ಜಾರ್ಜ್ ಈಸ್ಟ್‌ಮನ್ ಬಗ್ಗೆ ಈ ಸಂಚಿಕೆಗೆ ಬರೆಯುತ್ತಿದ್ದೇನೆ. ವಿಜ್ಞಾನ ವಿಭಾಗದ ಗೆಳೆಯರು ಅವರನ್ನು ಸಂಶೋಧಕ ಎನ್ನಬಹುದು. ಕಾಮರ್ಸ್ ಓದುವ ನನಗೆ ಅವರು ಮೊದಲು ಒಬ್ಬ ಲೆಕ್ಕದ ಮನುಷ್ಯ.

ಈಸ್ಟ್‌ಮನ್ ಹುಟ್ಟಿದ್ದು 1854ರ ಜುಲೈ 12ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್ ಎಂಬ ಹಳ್ಳಿಯಲ್ಲಿ. ಅವರ ತಂದೆ ರಾಚೆಸ್ಟರ್ ನಗರದಲ್ಲಿ ಒಂದು ಕಾಮರ್ಸ್ ಕಾಲೇಜು ನಡೆಸುತ್ತಿದ್ದರು! ಆದರೆ 1862ರಲ್ಲಿ, ಮಗನಿಗೆ ಏಳು ವರ್ಷವಿದ್ದಾಗ, ತಂದೆ ತೀರಿಕೊಂಡರು. ತಾಯಿ ಮರಿಯಾ ಮನೆಯಲ್ಲಿ ಬಾಡಿಗೆದಾರರನ್ನು ಇಟ್ಟುಕೊಂಡು, ಅವರಿಗೆ ಅಡುಗೆ ಮಾಡಿ ಬಡಿಸಿ ಮೂವರು ಮಕ್ಕಳನ್ನು ಸಾಕಿದರು. ಇಬ್ಬರು ಅಕ್ಕಂದಿರಲ್ಲಿ ಒಬ್ಬಳಿಗೆ ಪೋಲಿಯೊ. ಹದಿನಾಲ್ಕನೆಯ ವಯಸ್ಸಿನಲ್ಲಿ ಜಾರ್ಜ್ ಶಾಲೆ ಬಿಟ್ಟು ವಿಮಾ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಸಂಬಳ ವಾರಕ್ಕೆ 3 ಡಾಲರ್. 1874ರಲ್ಲಿ ರಾಚೆಸ್ಟರ್ ಸೇವಿಂಗ್ಸ್ ಬ್ಯಾಂಕಿನಲ್ಲಿ ಕಿರಿಯ ಗುಮಾಸ್ತರಾದಾಗ ಅದು 15 ಡಾಲರ್ ದಾಟಿತು. ನಮ್ಮ ತರಗತಿಯಲ್ಲಿ ಬಹಳ ಜನರ ಕನಸು ಇಲ್ಲಿಗೇ ನಿಲ್ಲುತ್ತದೆ, ಬ್ಯಾಂಕ್ ನೌಕರಿ.

ಅವರ ಬದುಕು ತಿರುಗಿದ್ದು ಹೋಗದೇ ಉಳಿದ ಒಂದು ಪ್ರವಾಸದಿಂದ. ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಸಾಂಟೊ ಡೊಮಿಂಗೊಗೆ ಹೋಗಬೇಕೆಂದುಕೊಂಡು, ಅಲ್ಲಿ ಫೋಟೊ ತೆಗೆಯಲು ಸಾಮಾನು ಕೊಂಡರು. ಸಾಮಾನು ಎಂದರೆ ಒಬ್ಬ ಕೂಲಿ ಹೊರುವಷ್ಟು: ದೊಡ್ಡ ಕ್ಯಾಮೆರಾ, ಭಾರದ ಸ್ಟ್ಯಾಂಡ್, ಗಾಜಿನ ಪ್ಲೇಟುಗಳು, ರಾಸಾಯನಿಕದ ಬಾಟಲಿಗಳು, ನೀರು, ಕತ್ತಲೆ ಮಾಡಿಕೊಳ್ಳಲು ಡೇರೆ. ಆಗ ಗಾಜಿಗೆ ಅಂಟು ದ್ರಾವಣ ಹಚ್ಚಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಹಸಿ ಇರುವಾಗಲೇ ಫೋಟೊ ತೆಗೆದು, ಒಣಗುವ ಮುಂಚೆಯೇ ತೊಳೆಯಬೇಕಿತ್ತು. ಪ್ರವಾಸ ನಡೆಯಲಿಲ್ಲ. ಆದರೆ ಇಷ್ಟೊಂದು ಹೊರೆ ಏಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

ಮೊದಲೇ ತಯಾರಿಸಿ ಒಣಗಿಸಿ ಇಡಬಹುದಾದ ಪ್ಲೇಟುಗಳ ಬಗ್ಗೆ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಓದಿ, ಹಗಲು ಬ್ಯಾಂಕಿನಲ್ಲಿ ದುಡಿದು, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ಜಿಲೆಟಿನ್ ಕುದಿಸಿದರು. ಎಷ್ಟೋ ರಾತ್ರಿ ಬಟ್ಟೆ ಬದಲಿಸಲೂ ತ್ರಾಣವಿಲ್ಲದೆ ಒಲೆಯ ಪಕ್ಕದಲ್ಲೇ ಮಲಗಿಬಿಡುತ್ತಿದ್ದರಂತೆ. ಪ್ಲೇಟಿಗೆ ಲೇಪ ಹಚ್ಚುವ ಯಂತ್ರಕ್ಕೆ 1879ರಲ್ಲಿ ಲಂಡನ್ನಿಗೆ ಹೋಗಿ ಪೇಟೆಂಟ್ ಪಡೆದರು. 1881ರ ಜನವರಿ 1ರಂದು ಹೆನ್ರಿ ಸ್ಟ್ರಾಂಗ್ ಎಂಬ ಚಾವಟಿ ತಯಾರಕರ ಜೊತೆ ಪಾಲುದಾರಿಕೆ ಶುರುವಾಯಿತು. ಆದರೂ ಬ್ಯಾಂಕ್ ಕೆಲಸ ಬಿಟ್ಟದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಎಷ್ಟು ಎಚ್ಚರ ನೋಡಿ.

ಮರುವರ್ಷವೇ ಗಂಡಾಂತರ ಬಂತು. ಅಂಗಡಿಗಳಿಗೆ ಕಳಿಸಿದ ಪ್ಲೇಟುಗಳು ಕೆಟ್ಟುಹೋಗತೊಡಗಿದವು. ಈಸ್ಟ್‌ಮನ್ ಅಷ್ಟನ್ನೂ ವಾಪಸ್ ತರಿಸಿ ಹೊಸದು ಕೊಟ್ಟರು. ಕಂಪನಿಯ ಗಲ್ಲಾ ಬರಿದಾಯಿತು. ನಾವು ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಲೆಕ್ಕ ಮಾಡುವಾಗ ಸರಾಸರಿ ಲಾಭವನ್ನು ವರ್ಷಗಳಿಂದ ಗುಣಿಸಿ ಉತ್ತರ ಬರೆಯುತ್ತೇವೆ. ಆ ಅಂಕಿ ಎಲ್ಲಿಂದ ಹುಟ್ಟುತ್ತದೆ ಎಂದು ನನಗೆ ಸ್ವಲ್ಪ ಅರ್ಥವಾದದ್ದು ಈ ಘಟನೆ ಓದಿದಾಗ.

ತಪ್ಪು ಇದ್ದದ್ದು ಜಿಲೆಟಿನ್‌ನಲ್ಲಿ. ಜಿಲೆಟಿನ್ ಎಂದರೆ ನಮ್ಮ ಮನೆಗಳಲ್ಲಿ ಚಾಕೊಲೇಟ್ ಪೊಟ್ಟಣದ ಹಿಂಬದಿಯಲ್ಲಿ ಹುಡುಕಿ ನೋಡುವ ಪದ. ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವಂಥದ್ದು. ಫಿಲಂ ಮೇಲೆ ಬೆಳ್ಳಿಯ ಕಣಗಳನ್ನು ಹಿಡಿದಿಡುವುದೂ ಅದೇ. ಎಷ್ಟೋ ವರ್ಷಗಳ ನಂತರ, 1920ರ ದಶಕದಲ್ಲಿ, ಕೊಡಕ್‌ನ ರಸಾಯನ ವಿಜ್ಞಾನಿ ಶೆಪರ್ಡ್ ಇದರ ಗುಟ್ಟು ಕಂಡುಹಿಡಿದರು. ದನಗಳು ಸಾಸಿವೆ ಜಾತಿಯ ಗಿಡ ತಿಂದಿದ್ದರೆ ಅದರ ಗಂಧಕದ ಅಂಶ ಜಿಲೆಟಿನ್‌ಗೆ ಬಂದು, ಫಿಲಂ ಬೆಳಕಿಗೆ ಹೆಚ್ಚು ಸೂಕ್ಷ್ಮವಾಗುತ್ತದೆ. ಫೋಟೊ ಚೆನ್ನಾಗಿ ಬರುವುದು ದನದ ಮೇವಿನ ಮೇಲೂ ನಿಂತಿತ್ತು ಎಂದರೆ ನಂಬುವುದು ಕಷ್ಟ.

1888ರಲ್ಲಿ ಕೊಡಕ್ ಎಂಬ ಹೆಸರಿನ ಮೊದಲ ಕ್ಯಾಮೆರಾ ಬಂತು. ಹೆಸರಿಗೆ ಅರ್ಥವೇ ಇಲ್ಲ. ಇಂಗ್ಲಿಷಿನ ಕೆ ಅಕ್ಷರ ಅವರಿಗೆ ಇಷ್ಟ, ಅಷ್ಟೇ. ಬೆಲೆ 25 ಡಾಲರ್. ಒಳಗೆ 100 ಚಿತ್ರಗಳಿಗಾಗುವ ಸುರುಳಿ. ಮುಗಿದ ಮೇಲೆ ಕ್ಯಾಮೆರಾವನ್ನೇ ರಾಚೆಸ್ಟರ್‌ಗೆ ಅಂಚೆಯಲ್ಲಿ ಕಳಿಸಿದರೆ, 10 ಡಾಲರ್‌ಗೆ ಚಿತ್ರಗಳನ್ನು ಮಾಡಿ, ಹೊಸ ಸುರುಳಿ ತುಂಬಿ ವಾಪಸ್ ಕಳಿಸುತ್ತಿದ್ದರು. 1900ರಲ್ಲಿ ಬ್ರೌನಿ ಬಂದಾಗ ಬೆಲೆ ಒಂದೇ ಡಾಲರ್, ಫಿಲಂಗೆ 15 ಸೆಂಟ್. ಮಕ್ಕಳೂ ಕೊಳ್ಳಬಹುದಿತ್ತು. ಡಬ್ಬಿಯಲ್ಲಿ ಏನು ಸಿಗುತ್ತಿತ್ತೋ ಕಾಣೆ, ನಿಜವಾದ ವ್ಯಾಪಾರ ಫಿಲಂನದು. ಡಬ್ಬಿಯನ್ನು ಒಮ್ಮೆ ಕೊಂಡವರು ಫಿಲಂ ಕೊಳ್ಳುತ್ತಲೇ ಇರಬೇಕು.

ಇವತ್ತು ಹಳೆಯ ಕ್ಯಾಮೆರಾ ರಿಪೇರಿ ಮಾಡುವವರಿಗೆ ತಲೆನೋವು ಆಗಿರುವುದೂ ಇದೇ ಫಿಲಂ. ನನ್ನ ಮಾಮೂಗೆ ಈ ಹುಚ್ಚು ಇರುವುದರಿಂದ ಹತ್ತಿರದಿಂದ ನೋಡಿದ್ದೇನೆ. ಬ್ರೌನಿಯ ಒಳಗೆ ಕೆಡುವಂಥದ್ದು ಹೆಚ್ಚೇನಿಲ್ಲ: ಒಂದು ಸರಳ ಮಸೂರ, ಸ್ಪ್ರಿಂಗ್ ಎಳೆಯುವ ಒಂದು ತೂತಿನ ತಗಡು, ದೃಶ್ಯ ನೋಡಲು ಪುಟ್ಟ ಕನ್ನಡಿ. ಮಸೂರದ ಬೂಷ್ಟು ಒರೆಸಿ, ಮಸುಕಾದ ಕನ್ನಡಿ ಬದಲಿಸಿ, ಸ್ಪ್ರಿಂಗ್ ಸರಿ ಮಾಡಿದರೆ ಮುಗಿಯಿತು. ಆದರೆ ಮಾಮೂ ಬಳಿ ಇರುವ ಬ್ರೌನಿಗೆ ಬೇಕಾದ 620 ಅಳತೆಯ ಫಿಲಂ ಮಾಡುವುದನ್ನು ಕೊಡಕ್ 1995ರಲ್ಲೇ ನಿಲ್ಲಿಸಿದೆ. 1901ರಲ್ಲಿ ಎರಡನೆಯ ನಂಬರಿನ ಬ್ರೌನಿಗಾಗಿ ಬಂದ 120 ಫಿಲಂ ಮಾತ್ರ ಈಗಲೂ ಸಿಗುತ್ತದೆ. ಎರಡೂ ಒಂದೇ ಅಗಲ, ಸುತ್ತುವ ಉರುಳೆ ಮಾತ್ರ ಬೇರೆ. ಹಾಗಾಗಿ ಮಾಮೂ ದೀಪ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಕೈಯ ಸ್ಪರ್ಶದಿಂದಲೇ 120 ಫಿಲಂ ಅನ್ನು ಹಳೆಯ 620 ಉರುಳೆಗೆ ಸುತ್ತುತ್ತಾರೆ. ಆಗ ಬಾಗಿಲು ತೆರೆದವರಿಗೆ ಬೈಗುಳ ಖಂಡಿತ.

ಈಸ್ಟ್‌ಮನ್ ಅವರನ್ನು ಹೊಗಳಿ ಮುಗಿಸಲು ಆಗದಂತೆ ಒಂದು ಹೆಸರು ಅಡ್ಡ ಬರುತ್ತದೆ. ನ್ಯೂಅರ್ಕ್ ನಗರದ ಪಾದ್ರಿ ಹ್ಯಾನಿಬಲ್ ಗುಡ್ವಿನ್. ಬಾಗುವ ಪಾರದರ್ಶಕ ಫಿಲಂಗೆ ಅವರು 1887ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಅದು ಕೈಗೆ ಬಂದದ್ದು 1898ರಲ್ಲಿ, ಹನ್ನೊಂದು ವರ್ಷಗಳ ನಂತರ. ಅಷ್ಟರಲ್ಲಿ ಈಸ್ಟ್‌ಮನ್ ಅವರ ರಸಾಯನ ತಜ್ಞ ರೈಖನ್‌ಬಾಕ್ ಹೆಸರಿನಲ್ಲಿ ಪೇಟೆಂಟ್ ಆಗಿ, 1889ರಿಂದ ಫಿಲಂ ಮಾರಾಟ ನಡೆದಿತ್ತು. ಗುಡ್ವಿನ್ 1900ರಲ್ಲಿ ತೀರಿಕೊಂಡರು. ಅವರ ಪೇಟೆಂಟ್ ಕೊಂಡ ಕಂಪನಿ ಮೊಕದ್ದಮೆ ಗೆದ್ದು, 1914ರಲ್ಲಿ ಕೊಡಕ್ 50 ಲಕ್ಷ ಡಾಲರ್ ಕಟ್ಟಬೇಕಾಯಿತು. ಕೆಟ್ಟ ಪ್ಲೇಟು ವಾಪಸ್ ಪಡೆದವರೇ ಇಲ್ಲಿ ವರ್ಷಾನುಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದರು. ಗಿರಾಕಿಯ ವಿಷಯದಲ್ಲಿ ಇದ್ದ ಔದಾರ್ಯ ಪ್ರತಿಸ್ಪರ್ಧಿಯ ವಿಷಯದಲ್ಲಿ ಇರಲಿಲ್ಲ ಎಂದೇ ನನಗನ್ನಿಸುತ್ತದೆ.

ಹಣವನ್ನು ಮಾತ್ರ ಅವರು ಕೂಡಿಟ್ಟುಕೊಳ್ಳಲಿಲ್ಲ. 1912ರಿಂದ ಲಾಭದ ಒಂದು ಪಾಲು ಕೆಲಸಗಾರರಿಗೆ ಹೋಗತೊಡಗಿತು. 1919ರಲ್ಲಿ ತಮ್ಮ ಸ್ವಂತ ಷೇರುಗಳಲ್ಲಿ ಮೂರನೇ ಒಂದು ಭಾಗವನ್ನು ನೌಕರರಿಗೆ ಕೊಟ್ಟರು. ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಗೆ ವರ್ಷಗಟ್ಟಲೆ ಸ್ಮಿತ್ ಎಂಬ ಸುಳ್ಳು ಹೆಸರಿನಲ್ಲಿ ಕೋಟಿಗಟ್ಟಲೆ ಕೊಟ್ಟರು. ಆ ಸ್ಮಿತ್ ಯಾರೆಂದು ಜನ ತಲೆಕೆಡಿಸಿಕೊಂಡಿದ್ದರು. ಸದಕಾ ಗುಟ್ಟಾಗಿರಬೇಕು ಎಂದು ಕೇಳುತ್ತಾ ಬೆಳೆದ ನಮಗೆ ಇದು ಪರಿಚಿತ ಮಾತು. ಕರಿಯ ಜನಾಂಗದವರು ಓದುತ್ತಿದ್ದ ಹ್ಯಾಂಪ್ಟನ್, ಟಸ್ಕಿಗಿ ಸಂಸ್ಥೆಗಳಿಗೂ ಅವರ ಹಣ ಹೋಯಿತು. ರಾಚೆಸ್ಟರ್‌ನಲ್ಲಿ, ಮುಂದೆ ಲಂಡನ್, ರೋಮ್, ಪ್ಯಾರಿಸ್ ಮುಂತಾದ ಕಡೆ ಮಕ್ಕಳ ಹಲ್ಲಿನ ಚಿಕಿತ್ಸಾಲಯಗಳಾದವು.

ಅವರು ಮದುವೆಯಾಗಲಿಲ್ಲ. ತಾಯಿ 1907ರಲ್ಲಿ ಹೋದ ಮೇಲೆ ದೊಡ್ಡ ಮನೆಯಲ್ಲಿ ಒಬ್ಬರೇ. ಕೊನೆಯ ವರ್ಷಗಳಲ್ಲಿ ಬೆನ್ನುಮೂಳೆಯ ಕಾಯಿಲೆಯಿಂದ ನಡೆಯುವುದೂ ಕಷ್ಟವಾಗಿ, 1932ರ ಮಾರ್ಚ್ 14ರಂದು, 77ನೆಯ ವಯಸ್ಸಿನಲ್ಲಿ, ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅದು ಸರಿ ಎಂದು ನಾನು ಒಪ್ಪಲಾರೆ. ಆದರೆ ಬಿಟ್ಟುಬಿಟ್ಟರೆ ಆ ನೋವನ್ನೂ ಆ ಒಂಟಿತನವನ್ನೂ ಮುಚ್ಚಿಟ್ಟ ಹಾಗೆ.

1949ರಿಂದ ಅವರ ಮನೆ ಛಾಯಾಚಿತ್ರದ ವಸ್ತುಸಂಗ್ರಹಾಲಯವಾಗಿದೆ. ಡಿಜಿಟಲ್ ಕ್ಯಾಮೆರಾಗಳ ಹೊಡೆತಕ್ಕೆ ಕೊಡಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೂ ರಾಚೆಸ್ಟರ್‌ನ ಕಾರ್ಖಾನೆಯಲ್ಲಿ ಜಿಲೆಟಿನ್ ಲೇಪದ ಫಿಲಂ ಇನ್ನೂ ತಯಾರಾಗುತ್ತಿದೆ. ಮಾಮೂ ತರಿಸುವ ರೋಲಿನ ಮೇಲೆ ಬೆಲೆ ನೋಡಿದರೆ ಮಾತ್ರ, ಈಸ್ಟ್‌ಮನ್ ಕಾಲದ 15 ಸೆಂಟ್ ನೆನಪಾಗಿ ಅಮ್ಮೀ ಮುಖ ಸಿಂಡರಿಸುತ್ತಾರೆ.